ಸದನದ ಮಾತು ಎರಡು ಸಾಲಿರಲಿ, ಉಳಿದದ್ದು ನೀವು ಬರೆಯಿರಿ

ಪ್ರಿಯರೇ,

ತೀರಿಕೊಂಡ ಮಾಜಿ ಶಾಸಕರಿಗೆ ವಿಧಾನಸಭೆ ಸಂತಾಪ ಸೂಚಿಸಿದ್ದರ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ಶುದ್ಧವಾಗಿದೆ, ಕಾಳಜಿಯೂ ಕಾಣುತ್ತದೆ. ಆದರೆ ಮೊದಲ ಎರಡು ಪುಟ ಓದುವಾಗ ನನಗೆ ನಿಜಕ್ಕೂ ಸಿಟ್ಟು ಬಂತು. ಮೂರನೇ ಪುಟದ ಒಂದು ಸಾಲಿಗಾಗಿ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಿಮ್ಮ ಮೊದಲ ಸಾಲು: ‘ಸದನವು ಭಾರಿ ಬಹುಮತದಿಂದ ಸಂತಾಪ ನಿರ್ಣಯ ಅಂಗೀಕರಿಸಿತು.’ ಸಂತಾಪಕ್ಕೆ ಯಾರೂ ಕೈ ಎಣಿಸುವುದಿಲ್ಲ. ಸಭಾಧ್ಯಕ್ಷರು ಸೂಚನೆ ಓದುತ್ತಾರೆ. ಮುಖ್ಯಮಂತ್ರಿ, ವಿರೋಧ ಪಕ್ಷದ ನಾಯಕರು, ಹತ್ತಿರದಿಂದ ಬಲ್ಲ ಸದಸ್ಯರು ಮಾತಾಡುತ್ತಾರೆ. ಆಮೇಲೆ ಎಲ್ಲ ಪಕ್ಷದವರೂ ಎದ್ದು ನಿಂತು ಮೌನ ಆಚರಿಸುತ್ತಾರೆ. ದಿನಾ ಜಗಳವಾಡುವವರು ಒಟ್ಟಿಗೆ ಎದ್ದು ನಿಲ್ಲುವುದೇ ಅಲ್ಲಿನ ಗೌರವ. ಅದನ್ನು ಬಿಟ್ಟು ಬಹುಮತ ಯಾಕೆ ತಂದಿರಿ?

ಎರಡನೇ ಸಾಲು: ‘ಅವರಿಗಾಗಿಯೇ ಸದನ ಸೇರಿತ್ತು.’ ಇಲ್ಲ. ಹಿಂದಿನ ಅಧಿವೇಶನದ ನಂತರ ತೀರಿಕೊಂಡ ಹಲವರ ಹೆಸರನ್ನು ಒಟ್ಟಿಗೆ ಓದುವುದು ಅಲ್ಲಿನ ರೂಢಿ. ನಮ್ಮವರ ಹೆಸರೂ ಆ ಸಾಲಿನಲ್ಲಿತ್ತು. ಹಾಗೆ ಬರೆದರೆ ಅವರು ಸಣ್ಣವರಾಗುವುದಿಲ್ಲ.

ಮೂರನೇ ಸಾಲು: ‘1980ರ ದಶಕದಲ್ಲಿ ದಾವಣಗೆರೆ ಜಿಲ್ಲೆಯಿಂದ ಗೆದ್ದ ಇವರು ಬಡವರ ಬಂಧು, ಸರಳ ಸಜ್ಜನಿಕೆಯ ಮೂರ್ತಿ.’ ಆಗ ನಮ್ಮೂರು ಚಿತ್ರದುರ್ಗ ಜಿಲ್ಲೆಯಲ್ಲಿತ್ತು. ದಾವಣಗೆರೆ ಜಿಲ್ಲೆಯಾಗಿದ್ದು 1997ರಲ್ಲಿ. ಇದನ್ನು ತಿದ್ದಬಹುದು. ‘ಬಡವರ ಬಂಧು’ವನ್ನು ತಿದ್ದಲು ಬರುವುದಿಲ್ಲ, ತೆಗೆಯಲೇಬೇಕು. ಸಭಾಧ್ಯಕ್ಷರ ಸೂಚನೆಗೆ ಒಂದು ಅಚ್ಚಿದೆ: ಹುಟ್ಟಿದ ದಿನ, ಊರು, ಓದು, ಹುದ್ದೆ. ಯಾರಿಗೂ ಹೆಚ್ಚು ಕಡಿಮೆ ಆಗಬಾರದು ಅಂತ ಆ ಅಚ್ಚು. ಸದನಕ್ಕೆ ಅದು ಸರಿ. ಅವರ ಪಕ್ಕದ ಬೀದಿಯಲ್ಲೇ ಬೆಳೆದ ನಿಮಗೆ ಅದು ಸಾಲದು ಅಲ್ವಾ?

ನಾನು ಪತ್ರಿಕೆಗೆ ಸೇರಿದಾಗ ಮೊದಲು ಸಿಕ್ಕಿದ್ದು ನಿಧನ ವಾರ್ತೆ. ‘ಮೃತರು ಪತ್ನಿ, ಇಬ್ಬರು ಪುತ್ರರು ಹಾಗೂ ಅಪಾರ ಬಂಧುಬಳಗವನ್ನು ಅಗಲಿದ್ದಾರೆ.’ ಎಲ್ಲರಿಗೂ ಇದೇ ಸಾಲು. ನಮ್ಮ ಹಿರಿಯ ಉಪಸಂಪಾದಕರು ಅದನ್ನು ಹೊಡೆದು ಹಾಕಿ, ಸೈಕಲ್ ಕೊಟ್ಟು ಸತ್ತವರ ಮನೆಗೆ ಕಳಿಸುತ್ತಿದ್ದರು. ‘ಬೆಳಿಗ್ಗೆ ಎದ್ದು ಮೊದಲು ಏನು ಮಾಡ್ತಿದ್ರು ಅಂತ ಕೇಳ್ಕೊಂಡು ಬಾರಪ್ಪ’ ಎನ್ನುತ್ತಿದ್ದರು. ಮಂಡಿಪೇಟೆಯಲ್ಲಿ ಒಬ್ಬ ಅಜ್ಜಿ ಹೇಳಿದ ಉತ್ತರ ಇನ್ನೂ ನೆನಪಿದೆ: ‘ನನ್ ಕನ್ನಡಕ ಒರೆಸಿ ಇಡ್ತಿದ್ರು.’ ಮಾರನೇ ದಿನ ಪತ್ರಿಕೆಯಲ್ಲಿ ಅದೇ ಬಂತು. ಅಂಗಡಿಯವರೆಲ್ಲ ಅದನ್ನು ಓದಿ ಮಾತಾಡಿದರು. ಬರೆಯುವುದು ಅಂದರೆ ಏನು ಅಂತ ನನಗೆ ಗೊತ್ತಾಗಿದ್ದು ಆ ಸೈಕಲ್ ಮೇಲೆ.

ಈಗ ನಿಮ್ಮ ಮೂರನೇ ಪುಟ. ಮಿಲ್ ಮುಚ್ಚಿದ ಮೇಲೂ ಅವರ ಅಂಗಿ ಜೇಬಿನಲ್ಲಿ ಹಳೇ ಕಾರ್ಮಿಕರ ಪಿ.ಎಫ್. ನಂಬರು ಬರೆದ ಚೀಟಿ ಇರುತ್ತಿತ್ತು ಅಂತ ಬರೆದಿದ್ದೀರಿ. ಒಂದೇ ಸಾಲು! ಮುಂದಿನ ಸಾಲಿನಲ್ಲೇ ‘ತುಂಬಲಾರದ ನಷ್ಟ’ಕ್ಕೆ ಹಾರಿಬಿಟ್ಟಿರಿ. ನಾನು ಅಲ್ಲೇ ನಿಂತುಬಿಟ್ಟೆ. ಆ ಚೀಟಿಯಲ್ಲಿ ಯಾರ್‍ಯಾರ ಹೆಸರಿತ್ತು? ಪಿ.ಎಫ್. ಪಿಂಚಣಿಯ ಅರ್ಜಿಗೆ ಆಗ ಮಾಲೀಕರ ಸಹಿ ಬೇಕಿತ್ತು. ಮಿಲ್ಲೇ ಇಲ್ಲದಾಗ ಅವರು ಯಾರ ಬಾಗಿಲಿಗೆ ಹೋಗುತ್ತಿದ್ದರು? ಸೋತ ಮೇಲೆ ಕಚೇರಿಯವರು ಕುರ್ಚಿ ಕೊಡುತ್ತಿದ್ದರಾ? ಹಾಗೆ ಪಿಂಚಣಿ ಸಿಕ್ಕ ಒಬ್ಬ ಹೆಂಗಸಾದರೂ ನಿಮ್ಮ ಓಣಿಯಲ್ಲಿ ಇದ್ದೇ ಇರುತ್ತಾರೆ. ಹೋಗಿ ಮಾತಾಡಿಸಿ. ಸುಮ್ನೆ ಕೂತು ಕೇಳಿ, ಜಾಸ್ತಿ ಪ್ರಶ್ನೆ ಬೇಡ.

ಮೊದಲ ಎರಡು ಪುಟ ತೆಗೆದುಬಿಡಿ. ಚೀಟಿಯಿಂದ ಶುರು ಮಾಡಿ ಮತ್ತೆ ಕಳಿಸಿ. ಜಾಗ ಇಟ್ಟಿರುತ್ತೇನೆ. ಚೀಟಿ ಮನೆಯಲ್ಲಿ ಉಳಿದಿದ್ದರೆ, ಮನೆಯವರನ್ನು ಕೇಳಿ ಒಂದು ಫೋಟೊ ತೆಗೆಸಿ. ನಂಬರು ಮಾತ್ರ ಕಾಣದ ಹಾಗೆ ನೋಡಿಕೊಳ್ಳಿ.