ಕೋಲು ಬೇಡವೆಂದ ಆನೆ

ಓದುಗರೊಬ್ಬರ ಪತ್ರ: “ಚಿಂಪಾಂಜಿ, ಡಾಲ್ಫಿನ್, ಕಾಗೆ ಎಲ್ಲವನ್ನೂ ‘ಅತಿ ಬುದ್ಧಿವಂತ’ ಎಂದೇ ಬರೆಯುತ್ತೀರಿ. ಮನುಷ್ಯರಿಗೆ ಐಕ್ಯೂ ಇದ್ದಂತೆ ಪ್ರಾಣಿಗಳಿಗೂ ಒಂದು ಅಳತೆಗೋಲು ಹಿಡಿದು, ಮೊದಲನೆಯದು ಯಾವುದು, ಎರಡನೆಯದು ಯಾವುದು ಎಂದು ವಿಜ್ಞಾನಿಗಳು ಏಕೆ ಹೇಳುವುದಿಲ್ಲ?”

ಮಾನ್ಯರೇ,

ಅಂಥ ಒಂದೇ ಅಳತೆಗೋಲು ಇಲ್ಲ. ಮುಂದೆ ಸಿಕ್ಕೀತೆಂದೂ ನನಗನ್ನಿಸುವುದಿಲ್ಲ. ಮಿದುಳನ್ನು ತೂಗಿದ್ದಾಯಿತು, ನರಕೋಶಗಳನ್ನು ಎಣಿಸಿದ್ದೂ ಆಯಿತು. ಎಣಿಕೆಗೆ ಸಿಕ್ಕ ಆಫ್ರಿಕಾದ ಆನೆಯೊಂದರ ಮಿದುಳಿನಲ್ಲಿ ಸುಮಾರು 257 ಶತಕೋಟಿ ನರಕೋಶಗಳಿದ್ದವು, ಮನುಷ್ಯನಿಗಿಂತ ಮೂರು ಪಟ್ಟು. ಆದರೆ ಅವುಗಳಲ್ಲಿ ಶೇಕಡಾ 98ರಷ್ಟು ಇದ್ದದ್ದು ಅನುಮಸ್ತಿಷ್ಕದಲ್ಲಿ, ಅಂದರೆ ಮೈಯ ಚಲನೆಯನ್ನು ಹದದಲ್ಲಿಡುವ ಭಾಗದಲ್ಲಿ.

ಉಳಿದ ದಾರಿ, ಪ್ರಾಣಿಯ ಮುಂದೆ ಸಮಸ್ಯೆಯೊಂದನ್ನು ಇಟ್ಟು ನೋಡುವುದು. ಎಡವುವುದೂ ಇಲ್ಲಿಯೇ. ವಾಷಿಂಗ್ಟನ್ನಿನ ಮೃಗಾಲಯದಲ್ಲಿ ಕಂಡುಲ ಎಂಬ ಏಳು ವರ್ಷದ ಗಂಡಾನೆಗೆ ಎಟುಕದ ಎತ್ತರದಲ್ಲಿ ಹಣ್ಣು ಕಟ್ಟಿ, ಕೋಲುಗಳನ್ನು ಒದಗಿಸಿದರು. ಅದು ಕೋಲಿನಿಂದ ಹಣ್ಣನ್ನು ಎಳೆದುಕೊಳ್ಳಲು ಹೋಗಲೇ ಇಲ್ಲ. ಚಿಂಪಾಂಜಿಗಳು ಗೆಲ್ಲುವ ಪರೀಕ್ಷೆಯಲ್ಲಿ ಆನೆ ದಡ್ಡ ಎಂದು ಬರೆದು ಮುಗಿಸಬಹುದಿತ್ತು. ಆದರೆ ಆವರಣದಲ್ಲಿ ದೊಡ್ಡದೊಂದು ಪ್ಲಾಸ್ಟಿಕ್ ಘನವನ್ನು ಇಟ್ಟಾಗ, ಕಂಡುಲ ಒಂದು ದಿನ ಅದನ್ನು ಉರುಳಿಸಿಕೊಂಡು ಬಂದು ಹಣ್ಣಿನ ಕೆಳಗೆ ನಿಲ್ಲಿಸಿತು, ಮುಂಗಾಲುಗಳನ್ನು ಅದರ ಮೇಲೂರಿ ಸೊಂಡಿಲು ಚಾಚಿತು. ಘನವನ್ನು ತೆಗೆದಾಗ ಟೈರನ್ನು ತಂದು ನಿಂತಿತು. ಸಂಶೋಧಕರು 2011ರಲ್ಲಿ ಕೊಟ್ಟ ವಿವರಣೆ ನನ್ನನ್ನು ಇಂದಿಗೂ ಬಿಟ್ಟಿಲ್ಲ: ಸೊಂಡಿಲು ಆನೆಗೆ ಕೈಯಷ್ಟೇ ಅಲ್ಲ, ಮೂಗು ಕೂಡ. ಕೋಲನ್ನು ಸುತ್ತಿ ಹಿಡಿದರೆ ತುದಿ ಮಡಚಿಕೊಳ್ಳುತ್ತದೆ, ಹಣ್ಣಿನ ವಾಸನೆಯೂ ಸ್ಪರ್ಶವೂ ತಪ್ಪಿಹೋಗುತ್ತವೆ.

ಅಮೆರಿಕದ ಮನೋವಿಜ್ಞಾನಿ ಗಾರ್ಡನ್ ಗ್ಯಾಲಪ್ 1970ರಲ್ಲಿ ಚಿಂಪಾಂಜಿಗಳ ಮೇಲೆ ನಡೆಸಿದ ಕನ್ನಡಿ ಪರೀಕ್ಷೆಯದೂ ಇದೇ ತೊಡಕು. ಮುಖದ ಮೇಲಿನ ಬಣ್ಣವನ್ನು ಕನ್ನಡಿಯಲ್ಲಿ ಕಂಡು ಮುಟ್ಟಿಕೊಂಡರೆ ಪಾಸು. ಲೋಕವನ್ನು ಮೂಸಿ ತಿಳಿಯುವ ನಾಯಿ ಇದರಲ್ಲಿ ಫೇಲಾದರೆ ಅದಕ್ಕೆ ‘ತಾನು’ ಎಂಬುದೇ ಇಲ್ಲವೆನ್ನುವುದು ಅನ್ಯಾಯ.

ಇಲ್ಲದ ಬುದ್ಧಿಯನ್ನು ಆರೋಪಿಸಿದ್ದೂ ಉಂಟು. ಜರ್ಮನಿಯ ಹಾನ್ಸ್ ಎಂಬ ಕುದುರೆ ಗೊರಸು ಬಡಿದು ಲೆಕ್ಕ ಹೇಳುತ್ತದೆಂದು ಜನ ನಂಬಿದ್ದರು. ಪ್ರಶ್ನೆ ಕೇಳುವವರಿಗೇ ಉತ್ತರ ಗೊತ್ತಿಲ್ಲದಿದ್ದರೆ ಅದೂ ತಪ್ಪುತ್ತದೆ ಎಂದು 1907ರಲ್ಲಿ ಮನೋವಿಜ್ಞಾನಿ ಆಸ್ಕರ್ ಫುಂಗ್ಸ್ಟ್ ತೋರಿಸಿದರು. ಕುದುರೆ ಓದುತ್ತಿದ್ದುದು ಪ್ರಶ್ನೆ ಕೇಳುವವರ ತಲೆಯ ಕಂಡೂ ಕಾಣದಂಥ ಅಲುಗಾಟವನ್ನು. ಅಂದಿನಿಂದ ಪರೀಕ್ಷಕರು ಪ್ರಾಣಿಯ ಕಣ್ಣಿಗೆ ಬೀಳದಂತೆ ಎಚ್ಚರ ವಹಿಸುವುದು ರೂಢಿಯಾಯಿತು.

‘ಅತಿ ಬುದ್ಧಿವಂತ’ ಎಂದು ಬರೆದದ್ದು ನಮ್ಮ ತಪ್ಪೇ. ಇನ್ನು ಮುಂದೆ ಯಾವ ಪ್ರಾಣಿ, ಯಾವ ಪರೀಕ್ಷೆಯಲ್ಲಿ, ಏನು ಮಾಡಿತು ಎಂಬುದನ್ನೇ ಬರೆಯುತ್ತೇವೆ.

– ಸಂಪಾದಕ