ಮೂರನೆಯ ಅಂತಸ್ತಿನ ನಗು, ಅದರ ಖರ್ಚು

ಪ್ರಿಯರೇ,

ವಿಕ್ಟೋರಿಯಾ ಕಾಲದ ಗಾಥಿಕ್ ಕಾದಂಬರಿಗಳಿಗೂ (ಹಳೆಯ ಮನೆ, ಗುಟ್ಟು, ದೆವ್ವಗಳ ಭಯದ ಕಥೆಗಳಿಗೂ) ಅಂದಿನ ಅರ್ಥವ್ಯವಸ್ಥೆಗೂ ಇರುವ ನಂಟನ್ನು ಕುರಿತ ನಿಮ್ಮ ಹದಿನಾಲ್ಕು ಪುಟಗಳ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆ. ಆದರೆ ಈ ವಿಷಯವನ್ನು ನೀವು ಕೈಬಿಡಬಾರದೆಂಬ ಆಸೆ ನನಗಿದೆ. ಅದಕ್ಕಾಗಿಯೇ ಇಷ್ಟು ಉದ್ದದ ಪತ್ರ.

ಮೊದಲು ಒಂದು ನೇರ ತಪ್ಪು. ಬಂಡವಾಳವನ್ನು ರಕ್ತಪಿಶಾಚಿಗೆ ಹೋಲಿಸಿದ ಮಾರ್ಕ್ಸ್‌ಗೆ ‘ಡ್ರಾಕುಲಾ’ ಪ್ರೇರಣೆಯಾಗಿತ್ತು ಎಂದಿದ್ದೀರಿ. ಆ ಹೋಲಿಕೆ ಇರುವ ‘ಬಂಡವಾಳ’ದ ಮೊದಲ ಸಂಪುಟ ಬಂದದ್ದು 1867ರಲ್ಲಿ. ಬ್ರಾಮ್ ಸ್ಟೋಕರ್ ಅವರ ‘ಡ್ರಾಕುಲಾ’ 1897ರದು. ಅಷ್ಟರಲ್ಲಿ ಮಾರ್ಕ್ಸ್ ತೀರಿಕೊಂಡು ಹದಿನಾಲ್ಕು ವರ್ಷಗಳಾಗಿದ್ದವು. ಇದನ್ನು ತಿದ್ದಿಕೊಂಡರೆ ನಿಮಗೇ ಲಾಭ. 1840ರ ದಶಕದಲ್ಲೇ ‘ವಾರ್ನಿ ದ ವ್ಯಾಂಪೈರ್’ ಎಂಬ ರಕ್ತಪಿಶಾಚಿಯ ಕಥೆ ಕಂತಿಗೊಂದು ಪೆನ್ನಿಯಂತೆ ಮಾರಾಟವಾಗುತ್ತಿತ್ತು. ದುಡಿಯುವವರ ಕೈಗೆಟಕುವ ಬೆಲೆಗೆ ಭಯವೂ ಸಿಗುತ್ತಿತ್ತು ಎಂಬ ಸಂಗತಿ ನಿಮ್ಮ ಲೇಖನದಲ್ಲಿ ಎಲ್ಲೂ ಬಂದಿಲ್ಲ.

ಎರಡನೆಯದು ಇನ್ನೂ ದೊಡ್ಡ ಕೊರತೆ. ಮೊದಲ ನಾಲ್ಕು ಪುಟಗಳು ಉಗಿಯಂತ್ರ, ಹತ್ತಿಗಿರಣಿ, ಮ್ಯಾಂಚೆಸ್ಟರಿನ ಹೊಗೆಗೆ ಹೋಗಿವೆ. ಐದನೆಯ ಪುಟದಲ್ಲಿ ದೆವ್ವ ಕಾಣಿಸಿಕೊಳ್ಳುತ್ತದೆ, ಬಂದೊಡನೆ ‘ಶೋಷಿತ ವರ್ಗದ ಅದುಮಿಟ್ಟ ಆಕ್ರೋಶದ ಸಂಕೇತ’ವಾಗಿ ಬಿಡುತ್ತದೆ. ಆಮೇಲೆ ಅದರ ಬಗ್ಗೆ ತಿಳಿಯಬೇಕೆಂಬ ಕುತೂಹಲ ನಿಮಗೂ ಉಳಿದಿಲ್ಲ, ಓದುಗರಿಗೂ ಉಳಿಯುವುದಿಲ್ಲ. ಈ ಕಾದಂಬರಿಕಾರರು ಹಣದ ವಿಷಯವನ್ನು ಸಂಕೇತದಲ್ಲಿ ಹೇಳಲೇ ಇಲ್ಲ. ಪೌಂಡುಗಳಲ್ಲಿ ಲೆಕ್ಕ ಹಾಕಿ ಹೇಳಿದರು.

‘ಜೇನ್ ಏರ್’ಗೆ (1847) ನೀವು ಕೊಟ್ಟಿರುವುದು ಒಂದೇ ಪ್ಯಾರಾ. ನನಗೆ ನಿಜಕ್ಕೂ ಬೇಸರವಾದದ್ದು ಅಲ್ಲಿಯೇ. ಷಾರ್ಲೆಟ್ ಬ್ರಾಂಟೆ ಒಬ್ಬೊಬ್ಬರ ಹಣದ ಚೀಲವನ್ನೂ ಬಿಚ್ಚಿ ತೋರಿಸಿದ್ದಾರೆ. ಥಾರ್ನ್‌ಫೀಲ್ಡ್ ಮನೆಯಲ್ಲಿ ಮಗುವಿಗೆ ಪಾಠ ಹೇಳುವ ಜೇನ್‌ಗೆ ವರ್ಷಕ್ಕೆ 30 ಪೌಂಡ್ ಸಂಬಳ. ಅದೇ ಮನೆಯ ಮೂರನೆಯ ಅಂತಸ್ತಿನಲ್ಲಿ ಗುಟ್ಟಾಗಿ ಕೂಡಿಹಾಕಿರುವ, ಮನೆಯೊಡೆಯ ರಾಚೆಸ್ಟರ್‌ನ ಹೆಂಡತಿ ಬರ್ತಾ ಜಮೈಕಾದ ತವರಿನಿಂದ ತಂದದ್ದು 30,000 ಪೌಂಡ್. ಜೇನ್ ಸಾವಿರ ವರ್ಷ ದುಡಿದರೆ ಕೈಗೆ ಬರುವ ಮೊತ್ತ ಅದು. ಆಸ್ತಿ ಒಡೆಯಬಾರದೆಂದು ರಾಚೆಸ್ಟರ್‌ನ ತಂದೆ ಎಲ್ಲವನ್ನೂ ಹಿರಿಯ ಮಗನಿಗೆ ಬಿಟ್ಟು, ಕಿರಿಯವನಿಗೆ ಹಣವಂತರ ಮನೆಯ ಹೆಣ್ಣನ್ನು ನೋಡಿದ. ಆಕೆಯ ತಂದೆ ತೋಟಗಳ ಒಡೆಯ, ವ್ಯಾಪಾರಿ. ಜಮೈಕಾದ ಅಂಥ ತೋಟಗಳಲ್ಲಿ ದುಡಿದವರು ಗುಲಾಮರು. ಬೇರೆ ಕರಾರು ಇಲ್ಲದಿದ್ದರೆ ಹೆಂಡತಿಯ ಹಣವೆಲ್ಲ ಗಂಡನದೇ ಎಂಬ ಕಾನೂನು ಸಡಿಲವಾಗತೊಡಗಿದ್ದು 1870ರಲ್ಲಿ, ಪೂರ್ತಿ ಬದಲಾದದ್ದು 1882ರಲ್ಲಿ.

ರಾತ್ರಿ ಕೇಳಿಬರುವ ಬರ್ತಾಳ ನಗುವನ್ನು ನೀವು ವರ್ಣಿಸಿದ್ದೀರಿ. ಆದರೆ ಬರ್ತಾಳನ್ನು ಕಾಯುವ ಗ್ರೇಸ್ ಪೂಲ್‌ಳ ಸಂಬಳದ ಐದರಲ್ಲೊಂದು ಪಾಲು ಕೂಡ ತನಗಿಲ್ಲ ಎಂದು ಮನೆಗೆಲಸದ ಲಿಯಾ ಹೇಳುವುದನ್ನು ಬಿಟ್ಟಿದ್ದೀರಿ. ಲಿಯಾ ತಿರುಗಿ ಜೇನ್‌ಳನ್ನು ಕಂಡೊಡನೆ ಆ ಮಾತು ನಿಂತುಹೋಗುತ್ತದೆ. ಒಂದು ಗುಟ್ಟನ್ನು ಕಾಯಲು ಎಷ್ಟು ಖರ್ಚಾಗುತ್ತದೆ ಎಂದು ಮನೆಯ ಆಳುಗಳಿಗೆಲ್ಲ ಗೊತ್ತು, ಮುಂದೆ ರಾಚೆಸ್ಟರ್‌ನ ಮದುವಣಗಿತ್ತಿಯಾಗುವ ಜೇನ್‌ಗೆ ಮಾತ್ರ ಗೊತ್ತಿಲ್ಲ. ನನಗೆ ಮೈ ಜುಮ್ಮೆಂದದ್ದು ನಗುವಿನಿಂದಲ್ಲ, ಈ ಪಿಸುಮಾತಿನಿಂದ.

ಮುಂದೆ ಮದುವೆ ಮುರಿಯುವ ಬಗೆಯನ್ನೂ ನೋಡಿ. ರಾಚೆಸ್ಟರ್ ರೇಷ್ಮೆ, ಒಡವೆ ಕೊಡಿಸಲು ಹೊರಟಾಗ ಜೇನ್ ಕುಗ್ಗಿಹೋಗುತ್ತಾಳೆ. ತನ್ನದೆನ್ನುವ ನಾಲ್ಕು ಕಾಸು ಇದ್ದಿದ್ದರೆ ಎಂದುಕೊಂಡು, ಮಡೀರಾ ದ್ವೀಪದಲ್ಲಿರುವ ತಂದೆಯ ಸಹೋದರನಿಗೆ ಮದುವೆಯ ಸುದ್ದಿ ಬರೆಯುತ್ತಾಳೆ. ಆತನ ವ್ಯಾಪಾರಕ್ಕೂ ಬರ್ತಾಳ ಒಡಹುಟ್ಟಿದ ಮೇಸನ್‌ಗೂ ಹಲವು ವರ್ಷಗಳ ವ್ಯವಹಾರ. ಪತ್ರ ತಲುಪಿದಾಗ ಮೇಸನ್ ಅಲ್ಲಿಯೇ ಇರುತ್ತಾನೆ. ಸಕ್ಕರೆ, ಹಣ, ಹುಂಡಿ ಓಡಾಡುವ ಸಮುದ್ರದ ದಾರಿಯಲ್ಲೇ ಗುಟ್ಟು ಪ್ರಯಾಣ ಮಾಡಿ ಚರ್ಚಿನೊಳಗೆ ಬಂದು ನಿಲ್ಲುತ್ತದೆ. ಗಾಥಿಕ್ ಮತ್ತು ಅರ್ಥಶಾಸ್ತ್ರ ಒಂದೇ ಎಳೆಯಲ್ಲಿ ಹೆಣೆದುಕೊಂಡಿರುವ ಜಾಗ ಬೇಕಿದ್ದರೆ ಇದಕ್ಕಿಂತ ಒಳ್ಳೆಯದು ನಿಮಗೆ ಸಿಗದು.

‘ಡ್ರಾಕುಲಾ’ ಭಾಗದಲ್ಲಿ ನಿಮ್ಮ ಅಂದಾಜು ಸರಿಯಿದೆ: ಹಳೆಯ ಊಳಿಗಮಾನ್ಯ ಸಂಪತ್ತು ಹೊಸ ವ್ಯಾಪಾರದ ನಗರಕ್ಕೆ ಬರುತ್ತದೆ. ಆದರೆ ಪುರಾವೆ ಕೊಟ್ಟಿಲ್ಲ. ಹೂತ ಧನವಿರುವ ಕಡೆ ವರ್ಷಕ್ಕೊಂದು ರಾತ್ರಿ ನೀಲಿ ಜ್ವಾಲೆ ಏಳುತ್ತದೆ ಎಂದು ಕೌಂಟ್ ಡ್ರಾಕುಲಾ ಹೇಳುವುದನ್ನು ಉಲ್ಲೇಖಿಸಿ. ನಿಧಿ ಕಾಯುವ ಸರ್ಪದ ಕಥೆ ಕೇಳಿ ಬೆಳೆದ ನಮ್ಮ ಓದುಗರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅವನ ಕೋಣೆಯ ಮೂಲೆಯಲ್ಲಿ ಧೂಳು ಮುಚ್ಚಿದ ಚಿನ್ನದ ನಾಣ್ಯಗಳ ರಾಶಿಯಿದೆ. ಇಂಗ್ಲಿಷ್ ವಕೀಲ ಹಾರ್ಕರ್ ಅಲ್ಲಿಗೆ ಹೋದದ್ದು ಇಂಗ್ಲೆಂಡಿನಲ್ಲಿ ಅವನಿಗೊಂದು ಮನೆ ಕೊಡಿಸುವ ಕಾಗದಪತ್ರಗಳೊಂದಿಗೆ. ಮುಂದೆ ಲಂಡನ್ನಿನಲ್ಲಿ ಹಾರ್ಕರ್ ಚೂರಿ ಬೀಸಿದಾಗ ಪಿಶಾಚಿಯ ಕೋಟು ಸೀಳುತ್ತದೆ. ಅಲ್ಲಿಂದ ಸುರಿಯುವುದು ನೋಟಿನ ಕಂತೆ ಮತ್ತು ಚಿನ್ನ. ಕೌಂಟ್ ನೆಲದಿಂದ ಹಿಡಿಯಷ್ಟು ಬಾಚಿಕೊಂಡು ಕಿಟಕಿಯಿಂದ ಹಾರುತ್ತಾನೆ. ಈ ದೃಶ್ಯವಿಲ್ಲದ ನಿಮ್ಮ ಪ್ರಬಂಧವನ್ನು ನಾನು ಒಪ್ಪುವುದು ಹೇಗೆ?

ಅದೇ ಕಾಲದ ಲೇಖಕಿ ಷಾರ್ಲೆಟ್ ರಿಡೆಲ್ ಅವರನ್ನೂ ಓದಿ. ಗಂಡ ದಿವಾಳಿಯಾದ ಮೇಲೆ ಬರೆದು ಸಾಲ ತೀರಿಸಿದವರು. 1875ರ ‘ದಿ ಅನ್‌ಇನ್‌ಹ್ಯಾಬಿಟೆಡ್ ಹೌಸ್’ನಲ್ಲಿ ದೆವ್ವದ ಕಾಟಕ್ಕೆ ಬಾಡಿಗೆದಾರರು ಮನೆ ಬಿಟ್ಟು ಓಡುತ್ತಾರೆ, ಬಾಕಿ ಬಾಡಿಗೆಗಾಗಿ ಪ್ರಕರಣ ನ್ಯಾಯಾಲಯಕ್ಕೆ ಹೋಗುತ್ತದೆ. ಕಥೆ ಹೇಳುವವನು ವಕೀಲರ ಕಚೇರಿಯ ಗುಮಾಸ್ತ.

ಇನ್ನು ಭಾಷೆ. ‘ಆರ್ಥಿಕ ಅಸ್ಥಿರತೆಯ ಹಿನ್ನೆಲೆಯಲ್ಲಿ ಮಧ್ಯಮವರ್ಗದ ಆತಂಕಗಳು ಗಾಥಿಕ್ ಕಥನದೊಳಗೆ ಅಭಿವ್ಯಕ್ತಿಯನ್ನು ಕಂಡುಕೊಳ್ಳುತ್ತವೆ’ ಎಂಬ ನಿಮ್ಮ ವಾಕ್ಯವನ್ನು ಒಮ್ಮೆ ಗಟ್ಟಿಯಾಗಿ ಓದಿ. ಇದರಲ್ಲಿ ಒಬ್ಬ ಮನುಷ್ಯನೂ ಇಲ್ಲ. 1866ರ ಮೇ ತಿಂಗಳಲ್ಲಿ ಓವರೆಂಡ್ ಗರ್ನಿ ಎಂಬ ಹಣಕಾಸು ಸಂಸ್ಥೆ ಬಾಗಿಲು ಮುಚ್ಚಿ ಲಂಡನ್ ತತ್ತರಿಸಿತು ಎಂದು ಬರೆದರೆ ಓದುಗರಿಗೆ ಅಸ್ಥಿರತೆ ಏನೆಂದು ತಾನಾಗಿ ತಿಳಿಯುತ್ತದೆ.

ಹೊಸ ಕರಡಿಗೆ ಎಂಟು ಪುಟ ಸಾಕು. ಮ್ಯಾಂಚೆಸ್ಟರನ್ನು ಪೂರ್ತಿ ತೆಗೆಯಿರಿ. ಲಿಯಾಳ ಪಿಸುಮಾತಿನಿಂದ ಆರಂಭಿಸಿ. ದೀಪಾವಳಿಗೆ ಮೊದಲು ಕಳುಹಿಸಿದರೆ ಮತ್ತೆ ಎರಡು ಸಲ ಓದುತ್ತೇನೆ.

ಇಂತಿ,
ಸಂಪಾದಕ