‘ದಿ ಕಿಲ್ಲಿಂಗ್ ಜೋಕ್’ ನಿಜವಾಗಿಯೂ ಅಷ್ಟು ದೊಡ್ಡ ಪುಸ್ತಕವೇ?

“ಬ್ಯಾಟ್‌ಮ್ಯಾನ್ ಕಥೆಗಳಲ್ಲೇ ಇದು ಅತ್ಯುತ್ತಮ ಅಂತ ಎಲ್ಲರೂ ಹೇಳುತ್ತಾರೆ. ಎರಡು ಸಲ ಓದಿದೆ. ಚಿತ್ರಗಳು ಚೆನ್ನಾಗಿವೆ, ಆದರೆ ಮುಗಿಸಿದ ಮೇಲೆ ಏನೋ ಸರಿಯಿಲ್ಲ ಅನ್ನಿಸಿತು. ನನಗೇ ಅರ್ಥವಾಗಲಿಲ್ಲವಾ?” ಅಂತ ಕೇಳಿದ್ದೀರಿ.

ನಿಮಗೆ ಸರಿಯಾಗಿಯೇ ಅರ್ಥವಾಗಿದೆ. ನನಗೂ ಮೊದಲ ಸಲ ಓದಿದಾಗ ಹಾಗೇ ಅನ್ನಿಸಿತ್ತು. ಆದರೆ ಸುತ್ತಲಿದ್ದವರೆಲ್ಲ ಹೊಗಳುತ್ತಿದ್ದರು. ಹಾಗಾಗಿ ಎಷ್ಟೋ ವರ್ಷ ನಾನೂ ಹೂಂ ಅಂದುಕೊಂಡೇ ಇದ್ದೆ. ಈಗ ಹಾಗೆ ಅನ್ನಲು ಮನಸ್ಸು ಒಪ್ಪುವುದಿಲ್ಲ. ಯಾಕೆ ಅಂತ ಹೇಳುತ್ತೇನೆ.

ಓದದವರಿಗಾಗಿ ಕಥೆ ಚುಟುಕಾಗಿ. ಅಲನ್ ಮೂರ್ ಬರೆದು, ಬ್ರಯನ್ ಬೋಲಂಡ್ ಚಿತ್ರ ಬಿಡಿಸಿದ ಈ ಕಾಮಿಕ್ಸ್ ಪುಸ್ತಕ 1988ರಲ್ಲಿ ಬಂತು. 50 ಪುಟವೂ ಇಲ್ಲ. ಬ್ಯಾಟ್‌ಮ್ಯಾನ್‌ನ ವೈರಿ ಜೋಕರ್ ಹುಚ್ಚಾಸ್ಪತ್ರೆಯಿಂದ ತಪ್ಪಿಸಿಕೊಳ್ಳುತ್ತಾನೆ. ಅವನದೊಂದು ವಾದವಿದೆ: ಎಂಥ ಒಳ್ಳೆಯ ಮನುಷ್ಯನಾದರೂ ಸರಿ, ಒಂದೇ ಒಂದು ಕೆಟ್ಟ ದಿನ ಸಾಕು, ಹುಚ್ಚನಾಗಿಬಿಡುತ್ತಾನೆ. ಅದನ್ನು ಸಾಬೀತು ಮಾಡಲು ಪೊಲೀಸ್ ಕಮಿಷನರ್ ಗಾರ್ಡನ್‌ರನ್ನು ಆರಿಸಿಕೊಳ್ಳುತ್ತಾನೆ. ಅವರ ಮನೆಗೆ ಹೋಗಿ ಮಗಳು ಬಾರ್ಬರಾಗೆ ಗುಂಡು ಹೊಡೆಯುತ್ತಾನೆ. ಅವಳ ಬಟ್ಟೆ ಬಿಚ್ಚಿ, ಗಾಯಗೊಂಡ ಮೈಯ ಫೋಟೋ ತೆಗೆಯುತ್ತಾನೆ. ಗಾರ್ಡನ್‌ರನ್ನು ಒಂದು ಪಾಳುಬಿದ್ದ ಮನರಂಜನಾ ಪಾರ್ಕಿಗೆ ಹೊತ್ತೊಯ್ದು, ಭೂತದ ರೈಲಿನಲ್ಲಿ ಕೂರಿಸಿ, ಆ ಫೋಟೋಗಳನ್ನು ದೊಡ್ಡದಾಗಿ ತೋರಿಸುತ್ತಾನೆ. ಗಾರ್ಡನ್ ಹುಚ್ಚರಾಗುವುದಿಲ್ಲ. ಬ್ಯಾಟ್‌ಮ್ಯಾನ್ ಬರುತ್ತಾನೆ, ಹೊಡೆದಾಟವಾಗುತ್ತದೆ. ಕೊನೆಗೆ ಜೋಕರ್ ಒಂದು ಜೋಕ್ ಹೇಳುತ್ತಾನೆ. ಇಬ್ಬರೂ ಮಳೆಯಲ್ಲಿ ನಿಂತು ನಗುತ್ತಾರೆ. ಅಷ್ಟೇ ಕಥೆ. ನಡುನಡುವೆ ಜೋಕರ್‌ನ ಹಿಂದಿನ ಬದುಕು ಬರುತ್ತದೆ. ಅವನೊಬ್ಬ ಸೋತ ಹಾಸ್ಯ ಕಲಾವಿದ. ಬಸುರಿ ಹೆಂಡತಿ, ಬಾಡಿಗೆ ಕಟ್ಟಲು ಕೈಯಲ್ಲಿ ಕಾಸಿಲ್ಲ.

ಮೊದಲು ಬೋಲಂಡ್ ಬಗ್ಗೆ ಹೇಳಿಬಿಡುತ್ತೇನೆ. ಅವರ ಕೆಲಸದ ಬಗ್ಗೆ ನನ್ನದು ಒಂದು ತಕರಾರೂ ಇಲ್ಲ. ಪುಸ್ತಕ ತೆರೆದರೆ ನೀರಿನ ಗುಂಡಿಯೊಂದರಲ್ಲಿ ಮಳೆಹನಿ ಬೀಳುತ್ತಿದೆ, ಉಂಗುರ ಉಂಗುರವಾಗಿ ನೀರು ಅಲುಗುತ್ತಿದೆ. ಮುಗಿಯುವುದೂ ಅದೇ ಮಳೆ, ಅದೇ ಉಂಗುರಗಳಲ್ಲಿ. ಮೊದಲ ಪುಟಗಳಲ್ಲಿ ಮಾತೇ ಇಲ್ಲ. ಬ್ಯಾಟ್‌ಮ್ಯಾನ್ ಕಾರಿನಿಂದ ಇಳಿದು ಹುಚ್ಚಾಸ್ಪತ್ರೆಯ ಕೋಣೆಗೆ ಹೋಗುತ್ತಾನೆ. ಅಲ್ಲಿ ಇಸ್ಪೀಟು ಹರಡಿಕೊಂಡು ಕೂತವನ ಎದುರು ಕೂತು ಮಾತಾಡುತ್ತಾನೆ. ಆಮೇಲೆ ಅವನ ಕೈ ಹಿಡಿದರೆ ಗ್ಲೌಸಿಗೆ ಬಿಳಿ ಬಣ್ಣ ಅಂಟಿಕೊಳ್ಳುತ್ತದೆ. ಕೂತಿದ್ದವನು ಜೋಕರ್ ಅಲ್ಲ, ಬಣ್ಣ ಹಚ್ಚಿಕೊಂಡ ಬೇರೆ ಯಾರೋ! ಆ ಗ್ಲೌಸಿನ ಮೇಲಿನ ಬಿಳಿ ಗುರುತು ನೋಡಿದಾಗ ಇವತ್ತಿಗೂ ನನಗೆ ಮೈ ಜುಮ್ಮೆನ್ನುತ್ತದೆ. ಈಗಿನ ಕಥೆಯಿಂದ ಹಿಂದಿನ ಕಥೆಗೆ ಹೋಗುವಾಗಲೂ ಅಷ್ಟೇ. ಒಂದು ಪ್ಯಾನೆಲ್‌ನಲ್ಲಿ (ಅಂದರೆ ಪುಟದ ಒಂದು ಚಿತ್ರಚೌಕದಲ್ಲಿ) ಜೋಕರ್ ನಿಂತ ಭಂಗಿಯಲ್ಲೇ ಮುಂದಿನ ಪ್ಯಾನೆಲ್‌ನಲ್ಲಿ ಆ ಬಡಪಾಯಿ ಕಲಾವಿದ ನಿಂತಿರುತ್ತಾನೆ. ಒಂದು ಮಾತೂ ಬೇಕಿಲ್ಲ, ಇಬ್ಬರೂ ಒಬ್ಬನೇ ಅಂತ ಕಣ್ಣಿಗೇ ಗೊತ್ತಾಗಿಬಿಡುತ್ತದೆ.

(ಬಣ್ಣದ ವಿಷಯ ಒಂದು ಮಾತು. 1988ರ ಪ್ರತಿಗೆ ಬಣ್ಣ ಹಾಕಿದವರು ಜಾನ್ ಹಿಗಿನ್ಸ್. ಕಣ್ಣಿಗೆ ಹೊಡೆಯುವ ಹಳದಿ, ಕಿತ್ತಳೆ, ನೇರಳೆ. 2008ರ ಆವೃತ್ತಿಗೆ ಬೋಲಂಡ್ ತಾವೇ ಕೂತು ಹೊಸದಾಗಿ ಬಣ್ಣ ಹಾಕಿದರು. ಹಿಂದಿನ ಕಥೆಯ ಪುಟಗಳು ಹೆಚ್ಚುಕಡಿಮೆ ಕಪ್ಪು ಬಿಳುಪು, ಅಲ್ಲೊಂದು ಇಲ್ಲೊಂದು ವಸ್ತು ಮಾತ್ರ ಕೆಂಪು. ಹೊಸದೇ ಚೆನ್ನ ಅನ್ನುವವರು ಜಾಸ್ತಿ. ನನಗೆ ಹಳೆಯದೇ ಇಷ್ಟ. ಆ ಪಾರ್ಕಿಗೆ ಜಾತ್ರೆಯ ಆ ಕೊಳಕು ಬೆಳಕೇ ಸರಿ.)

1989ರಲ್ಲಿ ಈ ಪುಸ್ತಕಕ್ಕೆ ಕಾಮಿಕ್ಸ್‌ಗೆ ಕೊಡುವ ಐಸ್ನರ್ ಪ್ರಶಸ್ತಿ ಬಂತು. ಚಿತ್ರಕ್ಕೆ ಬಂದದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಆದರೆ ಜನ ಚಿತ್ರಕ್ಕೆ ಸಲ್ಲಬೇಕಾದ ಹೊಗಳಿಕೆಯನ್ನು ಕಥೆಗೂ ಸೇರಿಸಿ ಕೊಟ್ಟುಬಿಟ್ಟಿದ್ದಾರೆ ಅಂತ ನನ್ನ ಅನಿಸಿಕೆ.

ನನಗೆ ಇದು ಗೊತ್ತಾದದ್ದು ನನ್ನ ಅಕ್ಕನ ಮಗಳಿಂದ. ಅವಳು ಪಿಯುಸಿ ಮುಗಿಸಿದ್ದಳು. ರಜೆಗೆ ಮನೆಗೆ ಬಂದಾಗ ಕಪಾಟಿನಿಂದ ಈ ಪುಸ್ತಕ ತೆಗೆದುಕೊಂಡು ಓದಲು ಕೂತಳು. ಒಂದು ಗಂಟೆಯೂ ಆಗಿರಲಿಲ್ಲ, ಅಡುಗೆಮನೆ ಬಾಗಿಲಿಗೆ ಬಂದು ನಿಂತಳು. “ಮಾಮ, ಇದರಲ್ಲಿ ಪುಟ ಬಿಟ್ಟುಹೋಗಿದೆಯಾ?” ಅಂದಳು. ಇಲ್ಲವಲ್ಲ, ಯಾಕೆ ಅಂದೆ. “ಮತ್ತೆ ಬಾರ್ಬರಾ ಎಲ್ಲಿ? ಆಸ್ಪತ್ರೆಯಲ್ಲಿ ಮಲಗಿದ್ದಳಲ್ಲ, ಆಮೇಲೆ ಏನಾಯ್ತು?”

ಪುಟ ತಿರುವಿ ತೋರಿಸಿದೆ. ಆಮೇಲೆ ಏನೂ ಇಲ್ಲ. ಆಸ್ಪತ್ರೆಯ ಆ ದೃಶ್ಯವೇ ಕೊನೆ. ಅದಾದ ಮೇಲೆ ಅವಳು ಇರುವುದು ಭೂತದ ರೈಲಿನ ಫೋಟೋಗಳಲ್ಲಿ ಮಾತ್ರ.

ಅವತ್ತು ರಾತ್ರಿ ನಾನು ಬಾರ್ಬರಾ ಇರುವ ಪುಟಗಳನ್ನಷ್ಟೇ ಇನ್ನೊಮ್ಮೆ ಓದಿದೆ. ನೀವೂ ಹಾಗೆ ಓದಿ ನೋಡಿ. ಮೊದಲು ಮನೆಯಲ್ಲಿ ಅಪ್ಪ ಪತ್ರಿಕೆ ಕತ್ತರಿಸಿ ಪುಸ್ತಕಕ್ಕೆ ಅಂಟಿಸುತ್ತಿದ್ದಾರೆ, ಮಗಳು ಜೊತೆಗಿದ್ದಾಳೆ. ಬಾಗಿಲು ಬಡಿದ ಸದ್ದಾಗುತ್ತದೆ. ಗೆಳತಿ ಇರಬೇಕು, ಯೋಗ ಕ್ಲಾಸಿಗೆ ಹೋಗಬೇಕು ಅಂದುಕೊಂಡು ಬಾಗಿಲು ತೆಗೆಯುತ್ತಾಳೆ. ಗುಂಡು ಬೀಳುತ್ತದೆ. ಗಾಜಿನ ಟೀಪಾಯಿ ಮೇಲೆ ಬೀಳುತ್ತಾಳೆ. ಆಮೇಲೆ ಆಸ್ಪತ್ರೆ. ಬೆನ್ನುಮೂಳೆಗೆ ಏಟು ಬಿದ್ದಿದೆ, ಇನ್ನು ನಡೆಯುವುದು ಕಷ್ಟ ಅನ್ನುವುದನ್ನು ಬೇರೆಯವರು ಬ್ಯಾಟ್‌ಮ್ಯಾನ್‌ಗೆ ಹೇಳುತ್ತಾರೆ. ಅವಳಿಗೆ ಎಚ್ಚರವಾದಾಗ ಅವಳು ಮಾತಾಡುವುದು ಯಾರ ಬಗ್ಗೆ? ಅಪ್ಪನ ಬಗ್ಗೆ, ಜೋಕರ್ ಬಗ್ಗೆ. ತನ್ನ ಕಾಲಿನ ಬಗ್ಗೆ ಒಂದು ಮಾತಿಲ್ಲ. ಅಷ್ಟು ಹೊತ್ತೂ ಅವಳು ಬ್ಯಾಟ್‌ಮ್ಯಾನ್‌ಗೆ ಸುದ್ದಿ ಮುಟ್ಟಿಸುವ ಕೆಲಸ ಮಾಡುತ್ತಾಳೆ, ಅಷ್ಟೇ.

ಮತ್ತೆ ಇವಳು ಯಾರೋ ದಾರಿಹೋಕಳಲ್ಲ. 1967ರಿಂದ ಬ್ಯಾಟ್‌ಗರ್ಲ್ ಆಗಿ ಓದುಗರ ಜೊತೆಗಿದ್ದವಳು. ಲೈಬ್ರರಿಯಲ್ಲಿ ಕೆಲಸ ಮಾಡುತ್ತಾ, ರಾತ್ರಿ ಮುಖವಾಡ ಹಾಕಿ ಕಳ್ಳರನ್ನು ಹಿಡಿದವಳು. ಆದರೂ ಇಡೀ ಪುಸ್ತಕದಲ್ಲಿ ಅವಳಿಗೆ ಒಂದು ಏಟು ತಿರುಗಿಸಿ ಹೊಡೆಯುವ ಅವಕಾಶವೂ ಇಲ್ಲ.

ಹೆಣ್ಣಿಗೆ ಹೀಗೆ ಮಾಡಿದ್ದು ಕ್ರೂರ, ಅದಕ್ಕೇ ಪುಸ್ತಕ ಕೆಟ್ಟದು ಅಂತಷ್ಟೇ ನಾನು ಹೇಳುತ್ತಿಲ್ಲ. ಆ ಮಾತೂ ನಿಜವೇ. ಕಾಮಿಕ್ಸ್ ಬರಹಗಾರ್ತಿ ಗೇಲ್ ಸಿಮೋನ್ 1999ರಲ್ಲಿ, ಗಂಡಸರ ಕಥೆ ಮುಂದೆ ಸಾಗಲಿ ಅಂತ ಕಾಮಿಕ್ಸ್‌ನಲ್ಲಿ ಕೊಲೆಯಾದ, ಅಂಗ ಕಳೆದುಕೊಂಡ ಹೆಣ್ಣುಪಾತ್ರಗಳ ದೊಡ್ಡ ಪಟ್ಟಿಯನ್ನೇ ಮಾಡಿದರು. ಅದರಲ್ಲಿ ಬಾರ್ಬರಾ ಹೆಸರೂ ಇದೆ. ಆದರೆ ನನ್ನ ತಕರಾರು ಇನ್ನೂ ಒಳಗಿನದು. ಪುಸ್ತಕ ಎತ್ತಿಕೊಂಡ ಪ್ರಶ್ನೆ ಏನು? ಒಂದು ಕೆಟ್ಟ ದಿನ ಮನುಷ್ಯನನ್ನು ಏನು ಮಾಡುತ್ತದೆ ಅನ್ನುವುದು. ಸರಿ, ಈ ಕಥೆಯಲ್ಲಿ ಅತಿ ಕೆಟ್ಟ ದಿನ ಯಾರದು? ಜೋಕರ್‌ನದಲ್ಲ, ಗಾರ್ಡನ್‌ರದೂ ಅಲ್ಲ. ಗುಂಡು ತಿಂದವಳು ಬಾರ್ಬರಾ. ಕಾಲು ಹೋಗಿದ್ದು ಅವಳದು. ಮಾನ ಹೋಗುವ ಹಾಗೆ ಫೋಟೋ ತೆಗೆದದ್ದು ಅವಳನ್ನು. ಆ ಪ್ರಶ್ನೆಗೆ ಉತ್ತರ ಕೊಡಬಲ್ಲವಳು ಅವಳೊಬ್ಬಳೇ. ಪುಸ್ತಕ ಅವಳನ್ನು ಕೇಳುವುದೇ ಇಲ್ಲ! ಅಪ್ಪನಿಗೆ ಹುಚ್ಚು ಹಿಡಿಯಲಿಲ್ಲ, ಆದ್ದರಿಂದ ಜೋಕರ್ ಸೋತ ಅಂತ ಲೆಕ್ಕ ಮುಗಿಸಿಬಿಡುತ್ತದೆ. ತಾನೇ ಹಾಕಿದ ಲೆಕ್ಕವನ್ನು ಪುಸ್ತಕ ಅರ್ಧಕ್ಕೇ ಬಿಟ್ಟಿದೆ. ನಿಮಗೆ “ಏನೋ ಸರಿಯಿಲ್ಲ” ಅನ್ನಿಸಿದ್ದು ಇದೇ ಇರಬೇಕು.

ಇದನ್ನು ಯೋಚಿಸುವಾಗ ನನಗೆ ಪದೇ ಪದೇ ನೆನಪಾಗುವುದು ರಾಘವಾಂಕನ ಹರಿಶ್ಚಂದ್ರ. ನಮ್ಮಲ್ಲಿ ಅನೇಕರು ಶಾಲೆಯಲ್ಲಿ ಒಂದಿಷ್ಟಾದರೂ ಓದಿದ್ದೇವೆ ಅಲ್ವಾ? ಅಲ್ಲೂ ಶುರುವಾಗುವುದು ಒಂದು ಪಂಥದಿಂದಲೇ. ಇಂದ್ರನ ಸಭೆಯಲ್ಲಿ ವಸಿಷ್ಠರು ಹರಿಶ್ಚಂದ್ರನಂಥ ಸತ್ಯವಂತನಿಲ್ಲ ಅನ್ನುತ್ತಾರೆ. ವಿಶ್ವಾಮಿತ್ರ ಅದನ್ನು ಸುಳ್ಳು ಮಾಡಿ ತೋರಿಸುತ್ತೇನೆ ಅಂತ ಹೊರಡುತ್ತಾನೆ. ಒಬ್ಬ ಒಳ್ಳೆಯವನನ್ನು ಎಲ್ಲಿಯವರೆಗೆ ಹಿಂಡಿದರೆ ಮುರಿಯುತ್ತಾನೆ ಅನ್ನುವ ಅದೇ ಪರೀಕ್ಷೆ. ರಾಜ್ಯ ಹೋಗುತ್ತದೆ, ಹೆಂಡತಿ ಮಗ ಮಾರಾಟವಾಗುತ್ತಾರೆ. ಮಗನನ್ನು ಹಾವು ಕಚ್ಚುತ್ತದೆ. ಪರೀಕ್ಷೆ ಹರಿಶ್ಚಂದ್ರನಿಗೇ ಇರಬಹುದು. ಆದರೆ ರಾಘವಾಂಕ ಚಂದ್ರಮತಿಯನ್ನು ಬಿಟ್ಟು ಮುಂದೆ ಹೋಗುವುದಿಲ್ಲ. ಕತ್ತಲಲ್ಲಿ ಮಗನ ಹೆಣ ಹುಡುಕಿಕೊಂಡು ಹೋಗುವ ಅವಳ ಹಿಂದೆಯೇ ಹೋಗುತ್ತಾನೆ. ಅವಳು ಅತ್ತು ಮುಗಿಸುವವರೆಗೆ ಕಥೆ ಅಲ್ಲೇ ನಿಲ್ಲುತ್ತದೆ. ಓದುವವರ ಕಣ್ಣಲ್ಲಿ ನೀರು ಬರುವುದು ಅಲ್ಲೇ. ಎಷ್ಟೋ ನೂರು ವರ್ಷದ ಹಿಂದಿನ ಕವಿಗೆ ಹೊಳೆದದ್ದು 1988ರ ಈ ಪುಸ್ತಕಕ್ಕೆ ಹೊಳೆಯಲಿಲ್ಲವಲ್ಲ ಅಂತ ನನಗೆ ನಿಜಕ್ಕೂ ಬೇಸರವಿದೆ.

ಪುಸ್ತಕದ ಪರ ವಾದಿಸುವವರ ಮಾತೂ ಕೇಳಬೇಕು. ನನ್ನ ಹತ್ತಿರದ ಗೆಳೆಯನೊಬ್ಬ ಇದನ್ನು ತುಂಬಾ ಮೆಚ್ಚುತ್ತಾನೆ. ಅವನು ಹೇಳುವುದು: “ಇದು ಬಾರ್ಬರಾ ಕಥೆಯಲ್ಲ. ಬ್ಯಾಟ್‌ಮ್ಯಾನ್ ಮತ್ತು ಜೋಕರ್ ಒಂದೇ ನಾಣ್ಯದ ಎರಡು ಮುಖ ಅಂತ ತೋರಿಸುವ ಕಥೆ. ಕೊನೆಯ ಜೋಕ್ ನೋಡು.” ಆ ಜೋಕ್ ಹೀಗಿದೆ. ಹುಚ್ಚಾಸ್ಪತ್ರೆಯಿಂದ ಇಬ್ಬರು ಓಡಿಹೋಗಲು ಮಾಳಿಗೆ ಹತ್ತುತ್ತಾರೆ. ಒಬ್ಬ ಪಕ್ಕದ ಕಟ್ಟಡಕ್ಕೆ ಹಾರುತ್ತಾನೆ, ಇನ್ನೊಬ್ಬನಿಗೆ ಭಯ. “ಟಾರ್ಚ್ ಬಿಡುತ್ತೇನೆ, ಬೆಳಕಿನ ಮೇಲೆ ನಡೆದು ಬಾ” ಅನ್ನುತ್ತಾನೆ ಮೊದಲನೆಯವನು. “ನನಗೇನು ಹುಚ್ಚಾ? ಅರ್ಧ ದಾರಿಯಲ್ಲಿ ನೀನು ಆರಿಸಿಬಿಟ್ಟರೆ?” ಅನ್ನುತ್ತಾನೆ ಎರಡನೆಯವನು. ಕೊನೆಯ ಪ್ಯಾನೆಲ್‌ಗಳಲ್ಲಿ ನೆಲದ ನೀರಿನ ಮೇಲೆ ಕಾರಿನ ದೀಪದ ಬೆಳಕು ಒಂದು ಗೆರೆಯಂತೆ ಬೀಳುತ್ತದೆ. ಆಮೇಲೆ ಆ ಗೆರೆಯೂ ಮಾಯ. ನಿಜ, ಇದು ಅದ್ಭುತ. ಆ ಕೊನೆಯಲ್ಲಿ ಬ್ಯಾಟ್‌ಮ್ಯಾನ್ ಜೋಕರ್‌ನನ್ನು ಕೊಂದೇಬಿಟ್ಟ ಅಂತ ಇನ್ನೊಬ್ಬ ಕಾಮಿಕ್ಸ್ ಲೇಖಕ ಗ್ರಾಂಟ್ ಮಾರಿಸನ್ ವಾದಿಸಿದ್ದಾರೆ. ನನಗೆ ಒಪ್ಪಿಗೆಯಿಲ್ಲ, ಆದರೆ ಅಂಥ ವಾದಕ್ಕೆ ಜಾಗ ಕೊಡುವ ಕೊನೆ ಅದು.

ಆದರೆ ಗೆಳೆಯನಿಗೆ ನಾನು ಹೇಳಿದ್ದು ಇಷ್ಟೇ. ಆ ಬೆಳಗ್ಗೆಯೋ ಹಿಂದಿನ ದಿನವೋ ಗುಂಡು ತಿಂದು, ಇನ್ನೂ ಆಸ್ಪತ್ರೆಯ ಮಂಚದಲ್ಲಿರುವ ಹುಡುಗಿಯನ್ನು ಮರೆತರೆ ಮಾತ್ರ ಆ ನಗು ನಮಗೆ ಹಿಡಿಸುತ್ತದೆ. ಮರೆಯಲಿ ಅಂತಲೇ ಪುಸ್ತಕ ಅವಳನ್ನು ಪುಟದಿಂದ ಆಚೆ ಇಟ್ಟಿದೆ. ಅವನು ಇವತ್ತಿಗೂ ಒಪ್ಪಿಲ್ಲ. ನಾವಿಬ್ಬರೂ ಇದರ ಮೇಲೆ ಮಾತಾಡುತ್ತಲೇ ಇದ್ದೇವೆ.

ಇನ್ನೊಂದು ವಿಷಯ ನಿಮಗೆ ಧೈರ್ಯ ಕೊಡಬಹುದು. ಅಲನ್ ಮೂರ್‌ಗೇ ಈ ಪುಸ್ತಕ ಇಷ್ಟವಿಲ್ಲ. ಬ್ಯಾಟ್‌ಮ್ಯಾನ್ ಮತ್ತು ಜೋಕರ್ ಥರದವರು ನಿಜ ಬದುಕಿನಲ್ಲಿ ಇಲ್ಲ, ಹಾಗಾಗಿ ಅವರಿಬ್ಬರನ್ನು ಹೋಲಿಸಿದರೆ ಮನುಷ್ಯರ ಬಗ್ಗೆ ತಿಳಿಯುವುದೇನೂ ಇಲ್ಲ ಅನ್ನುವ ಅರ್ಥದಲ್ಲಿ ಅವರು ಸಂದರ್ಶನಗಳಲ್ಲಿ ಹೇಳಿದ್ದಾರೆ. ಬಾರ್ಬರಾಗೆ ಹಾಗೆ ಮಾಡಬಾರದಿತ್ತು ಅಂತಲೂ ಹೇಳಿದ್ದಾರೆ. ಬರೆದವರು ಹೇಳಿದರು ಅಂತ ನಾವು ಒಪ್ಪಬೇಕಿಲ್ಲ. ಆದರೆ ಇದು ಪ್ರಶ್ನೆ ಮಾಡಬಾರದ ಪುಸ್ತಕವಂತೂ ಅಲ್ಲ.

ಅಕ್ಕನ ಮಗಳು ಕೇಳಿದ “ಆಮೇಲೆ ಏನಾಯ್ತು?” ಅನ್ನುವ ಪ್ರಶ್ನೆಗೆ ಉತ್ತರ ಬರೆದವರು ಬೇರೆಯವರು. ಕಾಮಿಕ್ಸ್ ಬರೆಯುತ್ತಿದ್ದ ಕಿಮ್ ಯೇಲ್ ಮತ್ತು ಅವರ ಗಂಡ ಜಾನ್ ಆಸ್ಟ್ರಾಂಡರ್. ಬಾರ್ಬರಾಳನ್ನು ಹಾಗೇ ಬಿಟ್ಟುಬಿಡಲು ಅವರಿಗೆ ಮನಸ್ಸಾಗಲಿಲ್ಲ. 1989ರಲ್ಲಿ ‘ಸುಯಿಸೈಡ್ ಸ್ಕ್ವಾಡ್’ ಸರಣಿಯಲ್ಲಿ ಒರಾಕಲ್ ಅನ್ನುವ ಹೆಸರಿನ ಒಬ್ಬರು ಕಂಪ್ಯೂಟರ್ ಮೂಲಕ ಮಾತ್ರ ಮಾತಾಡುತ್ತಾ ಕಾಣಿಸಿಕೊಳ್ಳುತ್ತಾರೆ. ಯಾರು ಅಂತ ಗೊತ್ತಿರುವುದಿಲ್ಲ. ಆಮೇಲೆ ತಿಳಿಯುತ್ತದೆ, ಅದು ವೀಲ್‌ಚೇರಿನಲ್ಲಿ ಕೂತ ಬಾರ್ಬರಾ. ಲೈಬ್ರರಿಯಲ್ಲಿ ಕಲಿತ ವಿದ್ಯೆಯನ್ನೇ ಆಯುಧ ಮಾಡಿಕೊಂಡಿದ್ದಾಳೆ. ಮುಂದೆ ಬ್ಯಾಟ್‌ಮ್ಯಾನ್‌ನಿಂದ ಹಿಡಿದು ಎಲ್ಲರೂ ಮಾಹಿತಿಗೆ ಅವಳನ್ನೇ ಕೇಳುವ ಹಾಗಾಯಿತು. 2011ರಲ್ಲಿ ಇವನ್ನೆಲ್ಲ ಪ್ರಕಟಿಸುವ ಡಿಸಿ ಕಾಮಿಕ್ಸ್ ಕಂಪನಿ ಎಲ್ಲ ಕಥೆಗಳನ್ನೂ ಹೊಸದಾಗಿ ಶುರುಮಾಡಿ ಅವಳು ಮತ್ತೆ ನಡೆಯುವ ಹಾಗೆ ಮಾಡಿದಾಗ, ವೀಲ್‌ಚೇರ್ ಬಳಸುವ ಎಷ್ಟೋ ಓದುಗರು ನೊಂದುಕೊಂಡರು. ತಮ್ಮವಳು ಅಂದುಕೊಂಡಿದ್ದ ಒಬ್ಬಳು ಹೋದಳು ಅಂತ.

ಹಾಗಾಗಿ ನೀವು ಮೂರನೆಯ ಸಲ ‘ಕಿಲ್ಲಿಂಗ್ ಜೋಕ್’ ಓದುವುದಾದರೆ, ಅದಾದ ಕೂಡಲೇ ಇದೇ ದಂಪತಿ 1996ರಲ್ಲಿ ಬರೆದ ‘ಒರಾಕಲ್: ಇಯರ್ ಒನ್’ ಓದಿ. ಚಿಕ್ಕ ಕಥೆ. ಬ್ರಯನ್ ಸ್ಟೆಲ್‌ಫ್ರೀಜ್ ಚಿತ್ರ. ಅದರಲ್ಲಿ ಬಾರ್ಬರಾ ಆ ಗುಂಡಿನ ಕಥೆಯನ್ನು ತಾನೇ ಹೇಳುತ್ತಾಳೆ. ಅಳುತ್ತಾಳೆ, ಸಿಟ್ಟಾಗುತ್ತಾಳೆ, ಕೋಲು ಹಿಡಿದು ಕೂತಲ್ಲೇ ಹೊಡೆದಾಡುವುದನ್ನು ಕಲಿಯುತ್ತಾಳೆ. ಬ್ಯಾಟ್‌ಮ್ಯಾನ್ ಆ ರಾತ್ರಿ ಜೋಕರ್ ಜೊತೆ ನಿಂತು ನಕ್ಕ ವಿಷಯ ಅವಳಿಗೆ ಗೊತ್ತಾಗಿರುತ್ತದೆ. ಅದನ್ನು ಅವಳು ಸುಮ್ನೆ ಬಿಡುವುದಿಲ್ಲ.